ಕೈಯಲ್ಲೇ ಹಿಡಿದು ವಿಡಿಯೊ ತೆಗೆಯಲು ನಾನು ಲೆನ್ಸ್ ಆರಿಸಿದ ಬಗೆ

ಕೈಕೆಲಸದವರನ್ನು ಅವರು ಕೆಲಸ ಮಾಡುವ ಜಾಗದಲ್ಲೇ ಚಿತ್ರಿಸಬೇಕೆಂಬುದು ನನ್ನ ಬಹಳ ದಿನದ ಆಸೆ. ಬಡಗಿ ಹಲಗೆ ಹೆರೆಯುವಾಗ ಮೈ ಬಾಗುವ ರೀತಿ, ಗಡಿಯಾರ ರಿಪೇರಿ ಮಾಡುವವರ ಬೆರಳುಗಳು, ಮಾತಾಡುತ್ತಲೇ ತಟ್ಟನೆ ಎದ್ದು ಇನ್ನೊಂದು ಮೇಜಿನತ್ತ ಹೋಗುವುದು, ಇವೆಲ್ಲ ಬೇಕು. ಇಂಥ ಕಡೆ ಟ್ರೈಪಾಡಿನ ಮೂರು ಕಾಲು ಅವರ ಓಡಾಟಕ್ಕೇ ಅಡ್ಡ. ಕಾಲು ಬಿಡಿಸಿ, ಮಟ್ಟ ನೋಡಿ, ತಿರುಪು ಬಿಗಿ ಮಾಡುವಷ್ಟರಲ್ಲಿ ತೆಗೆಯಬೇಕಾದ್ದು ಮುಗಿದೇ ಹೋಗಿರುತ್ತದೆ. ಕ್ಯಾಮೆರಾವನ್ನು ಮೋಟರುಗಳ ಸಹಾಯದಿಂದ ಅಲುಗದಂತೆ ಹಿಡಿಯುವ ಗಿಂಬಲ್ ಒಳ್ಳೆಯ ಸಾಧನವೇ, ಆದರೆ ಡಿಎಸ್‌ಎಲ್‌ಆರ್ ಹೊತ್ತ ಗಿಂಬಲ್ಲನ್ನು ಇಕ್ಕಟ್ಟಿನ ಕೋಣೆಯೊಳಗೆ ಇಡೀ ದಿನ ಹಿಡಿದುಕೊಂಡಿರುವುದು ನನ್ನ ತೋಳಿಗೆ ಆಗದ ಮಾತು. ಅದನ್ನು ಕಂಡರೆ ಎದುರಿಗಿರುವವರು ಮಾತಿನ ನಡುವೆ ಬಿಗಿಯಾಗಿಬಿಡುತ್ತಾರೆ ಕೂಡ. ಹಾಗಾಗಿ ಕ್ಯಾಮೆರಾ ಕೈಯಲ್ಲೇ ಇರಬೇಕು ಎಂದು ಮೊದಲೇ ನಿಶ್ಚಯಿಸಿದ್ದೆ. ಉಳಿದದ್ದು ಲೆನ್ಸಿನ ಪ್ರಶ್ನೆ.

ನನ್ನಲ್ಲಿರುವುದು ಎಪಿಎಸ್-ಸಿ ಸೆನ್ಸರಿನ (ಚಿತ್ರ ಹಿಡಿಯುವ ಚಿಪ್, ಫುಲ್ ಫ್ರೇಮ್ ಎನ್ನುವ ಹಳೆಯ ಫಿಲ್ಮಿನ ಅಳತೆಗಿಂತ ಚಿಕ್ಕದು) ಕ್ಯಾನನ್ ಡಿಎಸ್‌ಎಲ್‌ಆರ್. ಫುಲ್ ಎಚ್‌ಡಿಯಲ್ಲಿ, ಸೆಕೆಂಡಿಗೆ 25 ಫ್ರೇಮಿನಂತೆ ತೆಗೆಯುತ್ತೇನೆ. ಈಗಿನ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಸೆನ್ಸರನ್ನೇ ಅಲುಗಿಸಿ ನಡುಕ ಸರಿದೂಗಿಸುವ ವ್ಯವಸ್ಥೆ ಇರುವುದು ಸಾಮಾನ್ಯ. ಕ್ಯಾನನ್ ಮತ್ತು ನಿಕಾನ್ ತಮ್ಮ ಡಿಎಸ್‌ಎಲ್‌ಆರ್‌ಗಳಲ್ಲಿ ಆ ದಾರಿ ಹಿಡಿಯಲಿಲ್ಲ. ನಡುಕ ತಡೆಯುವ ಸ್ಟೆಬಿಲೈಸರನ್ನು ಲೆನ್ಸಿನೊಳಗೇ ಇಟ್ಟವು. ಕ್ಯಾನನ್ 1995ರಲ್ಲಿ ತಂದ 75-300 ಎಂಎಂ ಐಎಸ್ ಎಂಬುದೇ ಎಸ್‌ಎಲ್‌ಆರ್ ಕ್ಯಾಮೆರಾಗಳಿಗೆ ಬಂದ ಮೊದಲ ಸ್ಟೆಬಿಲೈಸರ್ ಲೆನ್ಸ್. ಕ್ಯಾನನ್ ಐಎಸ್ ಎನ್ನುವುದನ್ನೇ ನಿಕಾನ್ ವಿಆರ್ ಎನ್ನುತ್ತದೆ, ಟ್ಯಾಮ್ರಾನ್ ವಿಸಿ, ಸಿಗ್ಮಾ ಓಎಸ್. ಹೀಗಾಗಿ ಈ ಕ್ಯಾಮೆರಾ ಇಟ್ಟುಕೊಂಡವರಿಗೆ ಲೆನ್ಸ್ ಆರಿಸುವುದೂ ಸ್ಥಿರತೆ ಆರಿಸುವುದೂ ಒಂದೇ.

ಯಾರನ್ನು ಕೇಳಿದರೂ ಮೊದಲು ಬಂದ ಸಲಹೆ ಒಂದೇ: 50 ಎಂಎಂ ಎಫ್/1.8 ತಗೋ. (ಎಂಎಂ ಸಂಖ್ಯೆ ಹೆಚ್ಚಿದಷ್ಟೂ ನೋಟ ಕಿರಿದು; ಎಫ್ ಸಂಖ್ಯೆ ಕಡಿಮೆಯಾದಷ್ಟೂ ಲೆನ್ಸ್ ಹೆಚ್ಚು ತೆರೆದು ಹೆಚ್ಚು ಬೆಳಕು ಒಳಬಿಡುತ್ತದೆ.) ಸ್ಥಿರಚಿತ್ರಕ್ಕೆ ಆ ಲೆನ್ಸನ್ನು ನಾನೂ ಮೆಚ್ಚುತ್ತೇನೆ. ಹಗುರ, ಚೂಪು, ಮಂದ ಬೆಳಕಿನಲ್ಲೂ ಧಾರಾಳ. ಆದರೆ ಅದರಲ್ಲಿ ಸ್ಟೆಬಿಲೈಸರ್ ಇಲ್ಲ. ಅದಕ್ಕಿಂತ ಮುಖ್ಯವಾಗಿ, 1.6ರ ಕ್ರಾಪ್ ಇರುವ, ಅಂದರೆ ಫುಲ್ ಫ್ರೇಮಿಗಿಂತ ಅಷ್ಟು ಪಟ್ಟು ಚಿಕ್ಕದಾದ, ನನ್ನ ಸೆನ್ಸರಿನ ಮೇಲೆ ಅದು 80 ಎಂಎಂ ಲೆನ್ಸಿನಷ್ಟು ಕಿರಿದಾದ ನೋಟ ಕೊಡುತ್ತದೆ. ನೋಟ ಕಿರಿದಾದಷ್ಟೂ ನಡುಕ ದೊಡ್ಡದಾಗಿ ಕಾಣುತ್ತದೆ: ಉದ್ದನೆಯ ಕೋಲಿನ ಬುಡ ಹಿಡಿದಾಗ ಮಣಿಕಟ್ಟು ತುಸು ಅಲುಗಿದರೂ ತುದಿ ಗೇಣುದ್ದ ತೂಗುವ ಹಾಗೆ.

ಇದನ್ನು ಬಾಯಿಮಾತಿಗೆ ಬಿಡದೆ ಕಾಗದದ ಮೇಲೆ ಲೆಕ್ಕ ಹಾಕಿದೆ. ಸೆನ್ಸರಿನ ಅಗಲ 22.3 ಮಿಲಿಮೀಟರ್, ವಿಡಿಯೊದಲ್ಲಿ ಅದರ ಮೇಲೆ ಹರಡುವ ಪಿಕ್ಸೆಲ್ 1920. ಕೈ ಡಿಗ್ರಿಯ ಹತ್ತನೇ ಒಂದು ಭಾಗದಷ್ಟು ತಿರುಗಿತು ಎಂದುಕೊಳ್ಳಿ. ಅದು ಕಣ್ಣಿಗೂ ಕಾಣದ ಅಲುಗಾಟ. 10 ಎಂಎಂ ಲೆನ್ಸಿನಲ್ಲಿ ಚಿತ್ರ ಒಂದೂವರೆ ಪಿಕ್ಸೆಲ್ ಸರಿಯುತ್ತದೆ. 18 ಎಂಎಂನಲ್ಲಿ ಸುಮಾರು ಎರಡೂಮುಕ್ಕಾಲು. 50 ಎಂಎಂನಲ್ಲಿ ಏಳೂವರೆ. 135 ಎಂಎಂಗೆ ಹೋದರೆ ಇಪ್ಪತ್ತು. ಕೈ ಅದೇ, ನಡುಕ ಅದೇ, ಪರದೆಯ ಮೇಲಿನ ಕುಲುಕಾಟ ಮಾತ್ರ ಹದಿಮೂರು ಪಟ್ಟು. ಈ ನಾಲ್ಕು ಸಾಲಿನ ಲೆಕ್ಕ ನನಗೆ ಬೇರೆಲ್ಲ ವಿಮರ್ಶೆಗಳಿಗಿಂತ ಹೆಚ್ಚು ಉಪಯೋಗಕ್ಕೆ ಬಂತು. 55 ಎಂಎಂ ದಾಟಿದ್ದನ್ನೆಲ್ಲ ಪಟ್ಟಿಯಿಂದ ಅಲ್ಲೇ ಹೊಡೆದುಹಾಕಿದೆ. ಹತ್ತಿರದ ನೋಟ ಬೇಕಾದರೆ ಝೂಮ್ ಮಾಡುವ ಬದಲು ನಾನೇ ಹತ್ತಿರ ಹೋಗಬೇಕು.

ಆಮೇಲೆ ಗೆಳೆಯರಿಂದ ಲೆನ್ಸುಗಳನ್ನು ಎರವಲು ತಂದು ಪರೀಕ್ಷೆಗೆ ಕೂತೆ. ವಿಧಾನ ಸರಳವಾದದ್ದು, ಯಾರು ಬೇಕಾದರೂ ಮಾಡಬಹುದು. ನೆಟ್ಟನೆ ಗೆರೆಗಳಿರುವ ಪುಸ್ತಕದ ಕಪಾಟಿನ ಎದುರು ನಿಂತು, ಪ್ರತಿ ಲೆನ್ಸಿನಲ್ಲೂ ಚೌಕಟ್ಟಿನೊಳಗೆ ಅಷ್ಟೇ ಭಾಗ ತುಂಬುವಂತೆ ದೂರ ಹೊಂದಿಸಿಕೊಂಡು, ಶಟರ್ 1/50 ಸೆಕೆಂಡಿಗೆ ಇಟ್ಟು, ಅರ್ಧ ನಿಮಿಷ ಉಸಿರಾಡುತ್ತಾ ನಿಲ್ಲುವುದು. ಅದೇ ದೂರದಿಂದ ಮೆಲ್ಲಗೆ ಎಡದಿಂದ ಬಲಕ್ಕೆ ತಿರುಗುವುದು. ಆಮೇಲೆ ಕೆಲವು ಹೆಜ್ಜೆ ಮುಂದೆ ನಡೆಯುವುದು. ಆ ವಿಡಿಯೊವನ್ನು ದೊಡ್ಡ ಮಾನಿಟರಿನಲ್ಲಿ ಓಡಿಸುವಾಗ, ಪುಸ್ತಕವೊಂದರ ಮೂಲೆ ಕಾಣುವ ಜಾಗಕ್ಕೆ ಸಣ್ಣ ಚೀಟಿ ಅಂಟಿಸಿಬಿಡಬೇಕು. ಮೂಲೆ ಆ ಚೀಟಿಯಿಂದ ಎಷ್ಟು ದೂರ ಅಲೆಯುತ್ತದೆ, ಹೇಗೆ ಅಲೆಯುತ್ತದೆ ಎಂದು ಕೂತು ನೋಡಬೇಕು. ಕ್ಯಾಮೆರಾದ ಹಿಂದಿನ ಪುಟ್ಟ ಪರದೆಯಲ್ಲಿ ನೋಡಿ ತೀರ್ಮಾನಿಸಬೇಡಿ. ಅದರಲ್ಲಿ ಎಲ್ಲವೂ ಸ್ಥಿರವಾಗಿಯೇ ಕಾಣುತ್ತದೆ.

ಚೀಟಿಯನ್ನು ನೋಡುತ್ತಾ ನೋಡುತ್ತಾ ಒಂದು ವಿಷಯ ಸ್ಪಷ್ಟವಾಯಿತು. ನಡುಕ ಅಂತ ನಾವು ಒಟ್ಟಾಗಿ ಕರೆಯುವುದರಲ್ಲಿ ಬೇರೆ ಬೇರೆ ಚಲನೆಗಳಿವೆ. ಸ್ನಾಯುಗಳಿಂದ ಬರುವ ಸಣ್ಣ, ಚುರುಕಾದ ಕಂಪನ ಒಂದು. ಉಸಿರಿನ ಜತೆ ಮೇಲೆ ಕೆಳಗೆ ಏರಿಳಿಯುವ ನಿಧಾನದ ತೂಗಾಟ ಇನ್ನೊಂದು. ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸಿದಾಗ ದಿಗಂತವೇ ಓರೆಯಾಗುವುದು ಮತ್ತೊಂದು. ನಡೆಯುವಾಗಿನ ಹೆಜ್ಜೆಯ ಪೆಟ್ಟು ಇವೆಲ್ಲಕ್ಕಿಂತ ದೊಡ್ಡದು. ಪ್ರತಿಯೊಂದಕ್ಕೂ ಮದ್ದು ಬೇರೆ, ಎಲ್ಲವನ್ನೂ ಗುಣಪಡಿಸುವ ಲೆನ್ಸ್ ಇಲ್ಲ.

ಸ್ಟೆಬಿಲೈಸರ್ ಕೆಲಸ ಮಾಡುವ ರೀತಿ ತಿಳಿದರೆ ಇದು ಏಕೆಂದು ಅರ್ಥವಾಗುತ್ತದೆ. ಲೆನ್ಸಿನೊಳಗಿನ ಗೈರೊ ಸೆನ್ಸರುಗಳು ಕ್ಯಾಮೆರಾ ಮೇಲೆ ಕೆಳಗೆ ಎಷ್ಟು ಬಾಗಿತು, ಎಡಬಲಕ್ಕೆ ಎಷ್ಟು ತಿರುಗಿತು ಎಂದು ಅಳೆಯುತ್ತವೆ. ಅದಕ್ಕೆ ತಕ್ಕಂತೆ ಗಾಜಿನ ಒಂದು ಗುಂಪು ಪಕ್ಕಕ್ಕೆ ಸರಿದು ಚಿತ್ರವನ್ನು ಇದ್ದಲ್ಲೇ ಹಿಡಿದು ನಿಲ್ಲಿಸುತ್ತದೆ. ಅಂದರೆ ಬಾಗುವುದು, ತಿರುಗುವುದು ಈ ಎರಡಕ್ಕೆ ಮಾತ್ರ ಅದರ ಅಧಿಕಾರ. ಕ್ಯಾಮೆರಾ ಚಕ್ರದಂತೆ ಉರುಳಿ ದಿಗಂತ ಓರೆಯಾದರೆ, ಗಾಜನ್ನು ಪಕ್ಕಕ್ಕೆ ಸರಿಸಿ ಅದನ್ನು ಸರಿಪಡಿಸಲು ಸಾಧ್ಯವೇ ಇಲ್ಲ. ಹೆಜ್ಜೆಯ ಪೆಟ್ಟಿಗೆ ಇಡೀ ಕ್ಯಾಮೆರಾ ಮೇಲೆದ್ದು ಕೆಳಗಿಳಿದರೂ ಅಷ್ಟೆ, ಬಹುಪಾಲು ಲೆನ್ಸುಗಳು ಅದನ್ನು ಗುರುತಿಸುವುದೇ ಇಲ್ಲ.

ನನ್ನ ಚೀಟಿಯ ಪರೀಕ್ಷೆಯಲ್ಲೂ ಕಂಡದ್ದು ಇದೇ. ಕ್ಯಾಮೆರಾ ಜತೆಗೇ ಬರುವ, ಐಎಸ್ ಇರುವ ಕಿಟ್ ಲೆನ್ಸಿನಲ್ಲಿ ಆ ಸಣ್ಣ ಕಂಪನ ಒರೆಸಿಹಾಕಿದಂತೆ ಮಾಯ. ಉಸಿರಿನ ತೂಗಾಟ ಅರ್ಧಕ್ಕಿಂತ ಕಡಿಮೆಯಾಗಿತ್ತು. ಓರೆಯಾಗುವುದು ಹಾಗೇ ಉಳಿದಿತ್ತು. ನಡೆದದ್ದರಲ್ಲಿ ಹೆಜ್ಜೆ ಹೆಜ್ಜೆಯೂ ಲೆಕ್ಕ ಸಿಗುತ್ತಿತ್ತು. 50 ಎಂಎಂನಲ್ಲಿ ಮಾತ್ರ ಕಪಾಟಿನ ನೆಟ್ಟನೆ ಗೆರೆಗಳು ನೀರೊಳಗೆ ಕಂಡಂತೆ ತೊನೆಯುತ್ತಿದ್ದವು. ಇದು ರೋಲಿಂಗ್ ಶಟರ್ ಮಾಡುವ ಕೆಲಸ. ನನ್ನ ಕ್ಯಾಮೆರಾದಲ್ಲಿರುವಂಥ ಸಿಮಾಸ್ (CMOS) ಸೆನ್ಸರು ಇಡೀ ಚಿತ್ರವನ್ನು ಒಂದೇ ಗಳಿಗೆಯಲ್ಲಿ ಓದುವುದಿಲ್ಲ, ಮೇಲಿನ ಸಾಲಿನಿಂದ ಕೆಳಗಿನ ಸಾಲಿಗೆ ಓದುತ್ತಾ ಇಳಿಯುತ್ತದೆ. ಅಷ್ಟರಲ್ಲಿ ಕೈ ಅಲುಗಿದರೆ ಮೇಲಿನ ಸಾಲು ಒಂದು ಕಡೆ, ಕೆಳಗಿನದು ಇನ್ನೊಂದು ಕಡೆ. ಚುರುಕಾದ ಕಂಪನವೇ ಇದಕ್ಕೆ ಕಾರಣ, ಮತ್ತು ಅದನ್ನೇ ಸ್ಟೆಬಿಲೈಸರ್ ಚೆನ್ನಾಗಿ ಹಿಡಿಯುತ್ತದೆ.

"ಎಡಿಟಿಂಗ್‌ನಲ್ಲಿ ಸ್ಟೆಬಿಲೈಸ್ ಮಾಡಿಕೊಂಡರಾಯಿತು ಬಿಡು" ಅನ್ನುವವರೂ ಇದ್ದರು. ನನ್ನ ವಿಡಿಯೊಗಳನ್ನು ಜೋಡಿಸಿಕೊಡುವ ಗೆಳತಿ ಅದಕ್ಕೆ ಒಪ್ಪಲಿಲ್ಲ. "ಅಲುಗಾಟ ನಿಲ್ಲಿಸಬಹುದು ಕಣೋ, ಆದ್ರೆ ಅಲುಗಿದಾಗ ಆದ ಮಸುಕು ಹಾಗೇ ಉಳಿಯುತ್ತೆ. ಚಿತ್ರ ನಿಂತಿರುತ್ತೆ, ಮಧ್ಯೆ ಮಧ್ಯೆ ಸುಮ್ಮಸುಮ್ಮನೆ ಮಂಜಾಗುತ್ತೆ. ಅಂಚು ಬೇರೆ ಕತ್ತರಿಸ್ಬೇಕು" ಅಂದಳು. ಅವಳ ಮಾತು ನಿಜ. ಲೆನ್ಸಿನ ಸ್ಟೆಬಿಲೈಸರ್ ಮಸುಕಾಗುವ ಮೊದಲೇ ತಡೆಯುತ್ತದೆ. ಸಾಫ್ಟ್‌ವೇರ್ ಬರುವುದು ಎಲ್ಲ ಆದ ಮೇಲೆ. ರೋಲಿಂಗ್ ಶಟರಿನ ತೊನೆದಾಟವಿದ್ದರಂತೂ ಸಾಫ್ಟ್‌ವೇರಿಗೂ ಕಷ್ಟ.

ಅಲ್ಲಿಗೆ ಸ್ಟೆಬಿಲೈಸರ್ ಇಲ್ಲದ ಲೆನ್ಸುಗಳೆಲ್ಲ ಹೊರಬಿದ್ದವು. ಸಿಗ್ಮಾದ 18-35 ಎಂಎಂ ಎಫ್/1.8 ಬಿಟ್ಟುಕೊಡಲು ಬೇಸರವಾಯಿತು, ಎಪಿಎಸ್-ಸಿಗೆ ಅದಕ್ಕಿಂತ ಬೆಳಕು ಹೀರುವ ಝೂಮ್ ನನಗೆ ಕಂಡಿಲ್ಲ. ಟ್ರೈಪಾಡಿನ ಮೇಲೆ ತೆಗೆಯುವವನಾಗಿದ್ದರೆ ಬೇರೆ ನೋಡುತ್ತಲೇ ಇರಲಿಲ್ಲ.

ಲೆನ್ಸಿನ ಡಬ್ಬಿಯ ಮೇಲಿನ 'ಸ್ಟಾಪ್' ಲೆಕ್ಕದ ಬಗ್ಗೆ ಒಂದು ಮಾತು. ಒಂದೊಂದು ಸ್ಟಾಪೂ ಒಂದು ದುಪ್ಪಟ್ಟು; 4 ಸ್ಟಾಪ್ ಅಂದರೆ ಹದಿನಾರು ಪಟ್ಟು ನಿಧಾನದ ಶಟರಿನಲ್ಲೂ ಫೋಟೊ ಚೂಪಾಗಿ ಬಂದೀತು ಎಂದರ್ಥ. ಅದು ಒಂದು ಫೋಟೊದ ಮಾತು. ಸೆಕೆಂಡಿಗೆ 25 ಫ್ರೇಮಿನ ನನ್ನ ವಿಡಿಯೊದಲ್ಲಿ ಶಟರ್ 1/50ರಲ್ಲೇ ಇರುತ್ತದೆ. ಅಲ್ಲಿ ಬೇಕಾದದ್ದು ಈ ಫ್ರೇಮಿಗೂ ಮುಂದಿನ ಫ್ರೇಮಿಗೂ ನಡುವೆ ಚಿತ್ರ ಜಾಗ ಬಿಡದಿರುವುದು. ಹಾಗಾಗಿ 3 ಸ್ಟಾಪಿನ ಲೆನ್ಸು ವಿಡಿಯೊದಲ್ಲಿ 4 ಸ್ಟಾಪಿನದ್ದಕ್ಕಿಂತ ಕೆಟ್ಟದ್ದು ಎಂದು ಡಬ್ಬಿ ನೋಡಿ ಹೇಳಲಾಗದು. ಹಾಕಿ ನೋಡಿಯೇ ತಿಳಿಯಬೇಕು.

ಬೆರಳುಗಳ ಕ್ಲೋಸಪ್ ನನಗೆ ಎಲ್ಲಕ್ಕಿಂತ ಮುಖ್ಯ, ಮತ್ತು ಅಲ್ಲೇ ಸ್ಟೆಬಿಲೈಸರ್ ಕೈಕೊಡುತ್ತದೆ. ದೂರದ ವಸ್ತುವಿಗೆ ಕ್ಯಾಮೆರಾ ಒಂದು ಮಿಲಿಮೀಟರ್ ಪಕ್ಕಕ್ಕೆ ಸರಿದರೆ ಏನೂ ಗೊತ್ತಾಗದು. ಅದೇ ವಸ್ತು ಸೆನ್ಸರಿನ ಮೇಲೆ ತನ್ನ ನಿಜಗಾತ್ರದ ಐದನೇ ಒಂದರಷ್ಟು ಮೂಡುವಷ್ಟು ಹತ್ತಿರ ಹೋದಾಗ, ಒಂದು ಮಿಲಿಮೀಟರ್ ಸರಿದರೂ ಚಿತ್ರ ಹದಿನೇಳು ಪಿಕ್ಸೆಲ್ ಜಿಗಿಯುತ್ತದೆ. ಗೈರೊಗೆ ಈ ಸರಿತ ತಿಳಿಯುವುದಿಲ್ಲ, ಅದಕ್ಕೆ ತಿರುಗಿದ್ದು ಮಾತ್ರ ಗೊತ್ತು. ಕ್ಯಾನನ್ 2009ರಲ್ಲಿ 100 ಎಂಎಂ ಎಫ್/2.8 ಎಲ್ ಮ್ಯಾಕ್ರೊ ಲೆನ್ಸಿಗೆ ಹೈಬ್ರಿಡ್ ಐಎಸ್ ಸೇರಿಸಿದ್ದು ಈ ಕೊರತೆಗೇ. ಅದರಲ್ಲಿ ಗೈರೊ ಜತೆಗೆ ಸರಿತ ಅಳೆಯುವ ಸೆನ್ಸರೂ ಇದೆ. ಆದರೂ ದೂರಕ್ಕೆ 4 ಸ್ಟಾಪ್ ಇರುವ ಅದರ ಬಲ, ವಸ್ತು ನಿಜಗಾತ್ರದಲ್ಲಿ ಮೂಡುವಷ್ಟು ಹತ್ತಿರದಲ್ಲಿ 2 ಸ್ಟಾಪಿಗೆ ಇಳಿಯುತ್ತದೆ ಎಂದು ತಯಾರಕರೇ ಹೇಳುತ್ತಾರೆ. ನನ್ನ ಸೆನ್ಸರಿನ ಮೇಲೆ 100 ಎಂಎಂ ಎಂದರೆ 160ರಷ್ಟು ಕಿರಿದಾದ ನೋಟ. ಅದನ್ನೂ ಕೈಬಿಟ್ಟೆ. ಕ್ಲೋಸಪ್ಪಿಗೆ ಲೆನ್ಸನ್ನು ನೆಚ್ಚುವ ಬದಲು ಮೊಣಕೈಯನ್ನು ಮೇಜಿಗೆ ಊರುವುದು ಎಂದು ತೀರ್ಮಾನಿಸಿದೆ. ಕೆಲಸದ ಮೇಜು ಎದುರಿಗೇ ಇರುತ್ತದಲ್ಲ.

ಎಫ್/1.8ರ ಆಕರ್ಷಣೆಯ ಬಗ್ಗೆಯೂ ಹೇಳಬೇಕು, ಏಕೆಂದರೆ ಹೊಸಬರು ಲೆನ್ಸ್ ಆರಿಸುವುದೇ ಹಿನ್ನೆಲೆ ಮಸುಕಾಗುವ ಅಂದ ನೋಡಿ. ಒಂದೂವರೆ ಮೀಟರ್ ದೂರದಲ್ಲಿ ಒಬ್ಬರು ಮಾತಾಡುತ್ತಿದ್ದಾರೆ. 50 ಎಂಎಂ ಲೆನ್ಸನ್ನು ಎಫ್/1.8ಕ್ಕೆ ತೆರೆದರೆ ಫೋಕಸಿನಲ್ಲಿರುವ ಆಳ ಆರು ಸೆಂಟಿಮೀಟರಿನಷ್ಟು. ನಿಂತುಕೊಂಡು ಕ್ಯಾಮೆರಾ ಹಿಡಿದವನ ಮೈ ಹಿಂದೆ ಮುಂದೆ ಅಷ್ಟು ತೂಗುವುದು ತೀರ ಸಹಜ, ಎದುರಿನವರೂ ತಲೆ ಆಡಿಸುತ್ತಲೇ ಇರುತ್ತಾರೆ. ಕಣ್ಣು ಫೋಕಸಿಗೆ ಬರುತ್ತದೆ, ಹೋಗುತ್ತದೆ. ಅದೇ ದೂರದಲ್ಲಿ 35 ಎಂಎಂ, ಎಫ್/2.8 ಇಟ್ಟರೆ ಆಳ ಇಪ್ಪತ್ತು ಸೆಂಟಿಮೀಟರಿಗೆ ಹತ್ತಿರ. ಇಷ್ಟಿದ್ದರೆ ಮುಖ ಪೂರ್ತಿ ಹಿಡಿತಕ್ಕೆ ಸಿಗುತ್ತದೆ, ಹಿನ್ನೆಲೆಯೂ ಸಾಕಷ್ಟು ಮೆತ್ತಗಾಗುತ್ತದೆ. ನೋಡುವವರಿಗೆ ಫೋಕಸ್ ಅಲೆದಾಡುವುದೂ ಒಂದು ಬಗೆಯ ನಡುಕವೇ. ಕೈಯಲ್ಲಿ ಹಿಡಿದ ವಿಡಿಯೊಗೆ ಎಫ್/2.8ಕ್ಕಿಂತ ಹೆಚ್ಚು ತೆರೆಯುವ ಲೆನ್ಸಿಗೆ ಹೆಚ್ಚು ಕೊಡಬೇಕಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಕೊನೆಗೆ ಉಳಿದವು ನಾಲ್ಕು (ಹೆಸರಿನಲ್ಲಿ ಎಸ್‌ಟಿಎಂ ಎಂದಿರುವವು ಸ್ಟೆಪ್ಪಿಂಗ್ ಮೋಟರಿನಿಂದ ಫೋಕಸ್ ಆಗುವ ಲೆನ್ಸುಗಳು). ಕಿಟ್ ಲೆನ್ಸಾದ 18-55 ಎಂಎಂ ಐಎಸ್ ಎಸ್‌ಟಿಎಂ, 10-18 ಎಂಎಂ ಐಎಸ್ ಎಸ್‌ಟಿಎಂ, 35 ಎಂಎಂ ಎಫ್/2 ಐಎಸ್, ಮತ್ತೆ 17-55 ಎಂಎಂ ಎಫ್/2.8 ಐಎಸ್.

ಕಿಟ್ ಲೆನ್ಸಿನ ಸ್ಥಿರತೆಗೆ ನನ್ನ ಪೂರ್ಣ ಅಂಕ. ಹಗಲು ಹೊರಗೆ ತೆಗೆಯುವವರು ಬೇರೆ ಏನನ್ನೂ ಕೊಳ್ಳುವ ಮೊದಲು ತಮ್ಮ ಕ್ಯಾಮೆರಾ ಜತೆ ಬಂದ ಐಎಸ್ ಲೆನ್ಸಿನಲ್ಲೇ ಒಂದಷ್ಟು ಕಾಲ ತೆಗೆಯಲಿ. ನನಗೆ ಅಡ್ಡಿಯಾದದ್ದು ಎರಡು. ಝೂಮ್ ಮಾಡಿದಂತೆ ಬೆಳಕು ಒಳಬಿಡುವ ಕಿಂಡಿ, ಅಂದರೆ ಅಪರ್ಚರ್, ಎಫ್/3.5ರಿಂದ 5.6ಕ್ಕೆ ಕಿರಿದಾಗುವುದು, ಅಂದರೆ ಒಳಾಂಗಣದಲ್ಲಿ ಬೆಳಕು ಸಾಲದು. ಇನ್ನೊಂದು ತೂಕ. ಅದು 205 ಗ್ರಾಂ. ಹಗುರವಾದದ್ದು ಒಳ್ಳೆಯದೆಂದು ಅನಿಸುತ್ತದೆ, ಆದರೆ ವಿಡಿಯೊದಲ್ಲಿ ಸ್ವಲ್ಪ ತೂಕವೇ ಸಹಾಯಕ. ಭಾರವಿರುವ ವಸ್ತುವನ್ನು ಸಣ್ಣ ಕಂಪನ ಸುಲಭವಾಗಿ ಅಲುಗಿಸಲಾರದು. ಜತೆಗೆ ಲೆನ್ಸಿನ ಕೊಳವೆ ಉದ್ದ, ದಪ್ಪ ಇದ್ದಾಗ ಎಡ ಅಂಗೈ ಅದರ ಕೆಳಗೆ ಆಸರೆಯಾಗಿ ಕೂರುತ್ತದೆ. ಪುಟ್ಟ ಲೆನ್ಸಿಗೆ ಬೆರಳತುದಿಯ ಆಸರೆಯಷ್ಟೇ.

35 ಎಂಎಂ ಎಫ್/2 ಐಎಸ್ ನನ್ನನ್ನು ಬಹಳ ಕಾಡಿತು. ದೊಡ್ಡ ಅಪರ್ಚರೂ ಸ್ಟೆಬಿಲೈಸರೂ ಒಟ್ಟಿಗಿರುವ, ಝೂಮ್ ಇಲ್ಲದ ಪ್ರೈಮ್ ಲೆನ್ಸುಗಳು ಕಡಿಮೆ. ಕ್ಯಾನನ್ 2012ರಲ್ಲಿ ಇದನ್ನೂ, ಇದರ ಜತೆಯ 24 ಮತ್ತು 28 ಎಂಎಂ ಐಎಸ್‌ಗಳನ್ನೂ ತಂದಿತು. ಮಾತಾಡುವವರ ಎದುರು ನಿಂತಾಗ ಇದರಷ್ಟು ಹಿತವಾದ ನೋಟ ಬೇರೆ ಯಾವುದೂ ಕೊಡಲಿಲ್ಲ. ಆದರೆ ಅವರು ಎದ್ದು ಹೊರಟರೆ ಚೌಕಟ್ಟು ಸಾಲದು, ಹಿಂದೆ ಸರಿಯಲು ನನಗೆ ಜಾಗವಿರುವುದಿಲ್ಲ. ಲೆನ್ಸ್ ಬದಲಿಸುತ್ತಾ ಕೂರುವ ಕೆಲಸ ಇದಲ್ಲ.

ಹಾಗಾಗಿ 17-55 ಎಂಎಂ ಎಫ್/2.8 ಐಎಸ್ ಆರಿಸಿದೆ. 2006ರ ಹಳೆಯ ವಿನ್ಯಾಸ, ತೂಕ 645 ಗ್ರಾಂ, ಐಎಸ್‌ಗೆ ತಯಾರಕರು ಕೊಟ್ಟದ್ದು 3 ಸ್ಟಾಪ್. ಆದರೂ ನನ್ನ ಚೀಟಿಯ ಮುಂದೆ ನಿಂತ ಶಾಟುಗಳಲ್ಲಿ ಅದು ಹೊಸ ಲೆನ್ಸುಗಳಿಗೆ ಸರಿಸಮನಾಗಿ ನಿಂತಿತು, ತೂಕದ ಪಾಲೂ ಅದರಲ್ಲಿದೆ ಎಂದು ನನ್ನ ನಂಬಿಕೆ. ಝೂಮ್ ಉದ್ದಕ್ಕೂ ಎಫ್/2.8 ಬದಲಾಗುವುದಿಲ್ಲ. ಫೋಕಸ್ ರಿಂಗ್ ಗಾಜಿಗೆ ನೇರ ಜೋಡಣೆಯಾಗಿದೆ. ಎಸ್‌ಟಿಎಂ ಲೆನ್ಸುಗಳಲ್ಲಿ ರಿಂಗ್ ತಿರುಗಿಸಿದರೆ ಮೋಟರಿಗೆ ಸೂಚನೆ ಹೋಗಿ ಆಮೇಲೆ ಗಾಜು ಸರಿಯುತ್ತದೆ, ಕೈಯಿಂದ ಫೋಕಸ್ ಮಾಡುವವರಿಗೆ ಆ ಅಂತರ ಒಗ್ಗುವುದಿಲ್ಲ. ತಾನಾಗಿ ಫೋಕಸ್ ಆಗಬೇಕು ಎನ್ನುವವರು ಮಾತ್ರ ಎಸ್‌ಟಿಎಂ ಕಡೆಗೇ ಹೋಗಬೇಕು, ಅದರ ಚಲನೆ ಮೃದು, ಸದ್ದೂ ಕಡಿಮೆ. ಇದೇ ಅಳತೆಯಲ್ಲಿ ಟ್ಯಾಮ್ರಾನ್ 17-50 ವಿಸಿ, ಸಿಗ್ಮಾ 17-50 ಓಎಸ್ ಕೂಡ ಎಫ್/2.8ರವೇ, ನಿಕಾನ್ ಇಟ್ಟುಕೊಂಡವರಿಗೂ ಅವು ಬಂದಿದ್ದವು.

ಬಳಸಲು ಶುರುಮಾಡಿದ ಮೇಲೆ ಕೆಲವು ಅಭ್ಯಾಸ ಮಾಡಿಕೊಂಡೆ. 2008ರಲ್ಲಿ ನಿಕಾನ್ ಡಿ90, ಕ್ಯಾನನ್ 5ಡಿ ಮಾರ್ಕ್ 2 ಬಂದಾಗಿನಿಂದ ಡಿಎಸ್‌ಎಲ್‌ಆರ್‌ನಲ್ಲಿ ವಿಡಿಯೊ ಇದೆ, ಆದರೆ ವಿಡಿಯೊ ಶುರುವಾದೊಡನೆ ಕನ್ನಡಿ ಮೇಲೆದ್ದು ವ್ಯೂಫೈಂಡರ್ ಕತ್ತಲಾಗುತ್ತದೆ. ಕ್ಯಾಮೆರಾವನ್ನು ಮುಖದಿಂದ ದೂರ ಹಿಡಿಯಲೇಬೇಕು, ಹಣೆಯ ಆಸರೆ ತಪ್ಪಿತು. ಅದಕ್ಕೆ ಬದಲಾಗಿ ಕತ್ತಿನ ಪಟ್ಟಿಯನ್ನು ಗಿಡ್ಡ ಮಾಡಿಕೊಂಡು, ಕ್ಯಾಮೆರಾವನ್ನು ಮುಂದಕ್ಕೆ ತಳ್ಳಿ ಪಟ್ಟಿ ಬಿಗಿಯಾಗುವಂತೆ ಹಿಡಿಯುತ್ತೇನೆ. ಎರಡು ಕೈ, ಒಂದು ಕತ್ತು, ಮೂರು ಆಸರೆ. ಮೊಣಕೈ ಪಕ್ಕೆಗೆ ಅಂಟಿರಬೇಕು. ಪಟ್ಟಿ ಬಿಗಿಯಿದ್ದಾಗ ದಿಗಂತ ಓರೆಯಾಗುವುದೂ ಕಡಿಮೆ, ಇದು ಯಾವ ಐಎಸ್ಸೂ ಮಾಡದ ಉಪಕಾರ.

ಪ್ಯಾನ್ ಮಾಡುವಾಗ, ಅಂದರೆ ಕ್ಯಾಮೆರಾವನ್ನು ಪಕ್ಕಕ್ಕೆ ತಿರುಗಿಸುವಾಗ, ಸ್ಟೆಬಿಲೈಸರ್ ಮೊದಲು ನಮ್ಮ ತಿರುಗುವಿಕೆಯನ್ನೇ ನಡುಕವೆಂದು ತಿಳಿದು ತಡೆಯುತ್ತದೆ, ಆಮೇಲೆ ಬಿಟ್ಟುಕೊಡುತ್ತದೆ. ನಿಲ್ಲಿಸಿದಾಗ ಚಿತ್ರ ಒಂದಿಷ್ಟು ಮುಂದೆ ತೇಲಿ ನಿಲ್ಲುತ್ತದೆ. ಆರಂಭ, ಕೊನೆ ಎರಡನ್ನೂ ತೀರ ನಿಧಾನ ಮಾಡಿದರೆ ಈ ತೇಲಾಟ ಕಣ್ಣಿಗೆ ಬೀಳದು. ಕ್ಯಾಮೆರಾವನ್ನು ಮೇಜಿನ ಮೇಲೆ ಇಟ್ಟು ತೆಗೆಯುವಾಗ ಐಎಸ್ ಆಫ್ ಮಾಡುತ್ತೇನೆ, ಇಲ್ಲದಿದ್ದರೆ ಇಲ್ಲದ ನಡುಕವನ್ನು ಹುಡುಕುತ್ತಾ ಚಿತ್ರ ಮೆಲ್ಲಗೆ ಜಾರುವುದುಂಟು. ಯಾವ ಸ್ಟೆಬಿಲೈಸರ್ ಲೆನ್ಸಾದರೂ ನಿಶ್ಶಬ್ದ ಕೋಣೆಯಲ್ಲಿ ಅದರ ಗುಂಯ್‌ಗುಡುವ ಸದ್ದನ್ನು ಕ್ಯಾಮೆರಾದ ಮೈಕ್ ಹಿಡಿದುಬಿಡಬಹುದು. ಮಾತನ್ನು ಬೇರೆ ರೆಕಾರ್ಡರಿನಲ್ಲಿ, ಮಾತಾಡುವವರ ಹತ್ತಿರವಿಟ್ಟು ತೆಗೆದುಕೊಳ್ಳುತ್ತೇನೆ. ಬಿಸಿಲಲ್ಲಿ 1/50 ಶಟರ್, ಐಎಸ್‌ಒ (ಬೆಳಕಿಗೆ ಸೆನ್ಸರಿನ ಸಂವೇದನೆ) 100, ಎಫ್/2.8 ಬೇಕೆಂದರೆ ಆರು ಸ್ಟಾಪ್ ಬೆಳಕು ತಡೆಯುವ ಮಬ್ಬು ಗಾಜು, ಅಂದರೆ ಎನ್‌ಡಿ 64 ಫಿಲ್ಟರ್ ಬೇಕು. ಈ ಲೆನ್ಸಿನ ಬಾಯಿ 77 ಎಂಎಂ. ಅದೇ ಅಳತೆಯ ಫಿಲ್ಟರ್ ಕೊಂಡರೆ ಸಣ್ಣ ಲೆನ್ಸುಗಳಿಗೂ ಸ್ಟೆಪ್-ಅಪ್ ರಿಂಗ್ ಹಾಕಿ ಬಳಸಬಹುದು.

ನಡೆಯುತ್ತಾ ತೆಗೆಯುವ ಶಾಟುಗಳ ಮಾತೊಂದು ಉಳಿಯಿತು. ಅದಕ್ಕೆ 10-18 ಎಂಎಂ ಸೂಕ್ತ: 240 ಗ್ರಾಂ, ಐಎಸ್ ಉಂಟು, 10 ಎಂಎಂನಲ್ಲಿ ಹೆಜ್ಜೆಯ ಪೆಟ್ಟು ಸಾಕಷ್ಟು ಕರಗುತ್ತದೆ. ಇಷ್ಟು ಅಗಲದ ನೋಟದಲ್ಲಿ ಚೌಕಟ್ಟಿನ ಮೂಲೆಗಳು ಮೊದಲೇ ಹಿಗ್ಗಿರುತ್ತವೆ, ಐಎಸ್ ನಡುಭಾಗವನ್ನು ನಿಲ್ಲಿಸಿದಾಗ ಆ ಮೂಲೆಗಳು ಎಳೆದಂತೆ ಅಲುಗುತ್ತವೆ. ಅದನ್ನು ಬಲ್ಲವರು ಮುಖವನ್ನು ಅಂಚಿಗೆ ತರುವುದಿಲ್ಲ. ಸದ್ಯಕ್ಕೆ ಗೆಳೆಯನ 10-18 ಎರವಲು ತಂದು ಕೆಲಸ ಸಾಗಿಸುತ್ತಿದ್ದೇನೆ. ಅದು ಕೈಯಲ್ಲಿಲ್ಲದ ದಿನ 17ರಲ್ಲಿ ಇಟ್ಟುಕೊಂಡು, ಅವರು ಹೊರಟಾಗ ಹಿಂಬಾಲಿಸದೆ ನಿಂತಲ್ಲೇ ನಿಂತು, ಅವರು ಚೌಕಟ್ಟಿನಿಂದ ಆಚೆ ದಾಟುವವರೆಗೆ ಬಿಟ್ಟು, ಮುಂದಿನ ಮೇಜಿನ ಬಳಿ ಹೊಸ ಶಾಟ್ ಶುರುಮಾಡುತ್ತೇನೆ. ಗೆಳತಿಗೆ ಜೋಡಿಸಲು ಅದೇ ಹೆಚ್ಚು ಅನುಕೂಲವಂತೆ.